ಮೂರನೇ ಗಾಡಿಯ ಹೊಗೆ

ಯಾರಾದರೂ ನೋಡುತ್ತಿದ್ದಾರೆಂದು ಗೊತ್ತಾದರೆ ನಾನು ಬಹಳ ಒಳ್ಳೆಯವನಾಗಿಬಿಡುತ್ತೇನೆ. ಒಮ್ಮೆ ನೆಂಟರೆದುರು ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸಿದೆ. ಅವಳು ಗಾಬರಿಯಾಗಿ, ಜ್ವರವೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು. ಇದೇ ಚಾಳಿ ಈಚೆಗೆ ನನ್ನ ಮಾನ ಕಳೆಯಿತು. ನಿಮ್ಮಲ್ಲಿ ಮಾತ್ರ ಹೇಳಿಕೊಳ್ಳುತ್ತಿದ್ದೇನೆ.

ಯಳಂದೂರಿನಲ್ಲಿ ನಾನು ಫಿಸಿಕ್ಸ್ ಮೇಷ್ಟ್ರಾಗಿದ್ದಾಗ ನನ್ನ ಹತ್ತಿರ ಓದಿದ ಲತಾ ಈಗ ಎಂಜಿನಿಯರು. ಡೀಸೆಲ್ ಗಾಡಿಗಳು ದಿನನಿತ್ಯದ ಓಡಾಟದಲ್ಲಿ ಎಷ್ಟು ಹೊಗೆ ಬಿಡುತ್ತವೆ, ಎಷ್ಟು ಡೀಸೆಲ್ ಕುಡಿಯುತ್ತವೆ ಎಂದು ಅಳೆಯುವುದು ಅವಳ ಕೆಲಸ. ನನ್ನ ಹಳೆಯ ಕಾರನ್ನು ಹುಡುಕಿಕೊಂಡು ಕೊಳ್ಳೇಗಾಲದ ಮನೆಗೇ ಬಂದಳು. ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ ಕೂರಿಸಿ, ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿ, "ಎಲ್ಡು ದಿನ ಸಾ. ದಿನಾ ಓಡ್ಸೋ ಅಂಗೇ ಓಡ್ಸಿ, ಅಷ್ಟೇಯ" ಅಂದಳು.

ಅಷ್ಟೇ ತಾನೆ? ಆದರೆ ಶಿಷ್ಯೆಯ ಯಂತ್ರದೆದುರು ಗುರು ಫೇಲಾಗಬಹುದೇ? ಮೆಕ್ಯಾನಿಕ್ಕಿನ ಹತ್ತಿರ ಓಡಿ ಏರ್ ಫಿಲ್ಟರ್ ಬದಲಾಯಿಸಿದೆ. ಮೊದಲ ದಿನ ಹನೂರು ದಾಟಿ ಅಜ್ಜೀಪುರದ ಜಮೀನಿಗೆ ಹೋಗಿ ಬರುವಷ್ಟರಲ್ಲಿ ಒಂದು ಸಲವೂ ಹಾರ್ನ್ ಮಾಡಲಿಲ್ಲ, ಯಾರನ್ನೂ ಹಿಂದೆ ಹಾಕಲಿಲ್ಲ. ಬರುವಾಗ ಕುಂತೂರಿನ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರೊಂದು ನನ್ನನ್ನೇ ದಾಟಿತು. ಅದರ ಡ್ರೈವರು ಬಗ್ಗಿ ನೋಡಿ, "ಏನ್ ಸಾ, ಗಾಡಿ ಕೆಟ್ಟೋಯ್ತಾ? ಎಳ್ಯಕೆ ಅಗ್ಗ ಕೊಡ್ಲಾ?" ಎಂದು ಕೇಳಿದ. ನಾನು ಸಾಧುವಿನಂತೆ ನಕ್ಕೆ.

ಎರಡನೆಯ ದಿನ ಎದ್ದದ್ದು ತಡವಾಗಿ, ಅವಸರದಲ್ಲಿ ಪೆಟ್ಟಿಗೆಯ ನೆನಪೇ ಹೋಯಿತು. ಅಂದರೆ ನಾನು ನಾನಾದೆ. ಆಕ್ಸಿಲರೇಟರ್ ತುಳಿದೆ, ಬ್ರೇಕ್ ಒತ್ತಿದೆ, ಬಸ್ಸಿನವನ ಜೊತೆ ಜಿದ್ದಿಗೆ ಬಿದ್ದೆ. ಬ್ಯಾಟರಿ ವೀಕಾದ್ದರಿಂದ ಎಂಜಿನ್ ಆರಿಸದೆ ಹನೂರಿನ ಟೀ ಅಂಗಡಿಯೆದುರು ನಿಲ್ಲಿಸಿ, ಅರ್ಧ ಗಂಟೆ ಮಾತಾಡುತ್ತ ಕುಳಿತೆ. ವಿಷಯ, ಈ ಟ್ರ್ಯಾಕ್ಟರಿನವರು ಊರಿನ ಗಾಳಿ ಕೆಡಿಸುತ್ತಿರುವುದು.

ಸಂಜೆ ಲತಾ ಲ್ಯಾಪ್‌ಟಾಪಿನಲ್ಲಿ ಎರಡೂ ದಿನದ ಗೆರೆಗಳನ್ನು ತೋರಿಸಿದಳು. ಮೊದಲನೆಯದು ಕೆರೆಯ ನೀರಿನಷ್ಟು ಶಾಂತ. ಎರಡನೆಯದನ್ನು ನೋಡಲಾಗಲಿಲ್ಲ. ಟೀ ಅಂಗಡಿಯ ಅರ್ಧ ಗಂಟೆಯಂತೂ ನಿಮಿಷ ನಿಮಿಷವೂ ಅದರಲ್ಲಿತ್ತು. ನಾನು ಗಂಟಲು ಸರಿಮಾಡಿಕೊಂಡು, "ನಿನ್ನೇದೇ ಸರಿಯಾದ್ದು ಕಣಮ್ಮ. ಇವತ್ತಿನದು ಬಿಟ್ಟುಬಿಡು, ಏನೋ ಯಂತ್ರದ ದೋಷ" ಅಂದೆ.

ಅವಳು ತಲೆಯೆತ್ತದೆ ಮೆಲ್ಲಗೆ ಹೇಳಿದಳು: "ಪ್ರಾಕ್ಟಿಕಲ್ಸಲ್ಲಿ ಉತ್ತರ ನೋಡ್ಕಂಡು ರೀಡಿಂಗ್ ಬರ್ದೆ ಅಂತ ನನ್ ರೆಕಾರ್ಡ್ ಬುಕ್ಕ ಹರ್ದಾಕಿದ್ರಿ ಸಾ. ಅವತ್ನಿಂದ ನಾನು ಅಂಗೆ ಬರ್ದೇ ಇಲ್ಲ."

ನನಗೆ ಕಾರಿನಡಿ ತೂರಿಕೊಳ್ಳುವಂತಾಯಿತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಮಾತನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವಳೆದುರು ನಾನೇ ಅದನ್ನು ಎರಡು ನಿಮಿಷದಲ್ಲಿ ಮಾರಿಕೊಂಡಿದ್ದೆ.

"ಮೊದಲ್ನೇ ದಿನದ್ದು ಬುಟ್ಬುಡ್ತೀನಿ. ಅದು ನೀವಲ್ಲ ಸಾ" ಎಂದಳು. ನನ್ನ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು, "ರಿಪೋರ್ಟಲ್ಲಿ ಯಾರ ಹೆಸರೂ ಆಕಕಿಲ್ಲ. ನಿಮ್ದು ಬರೀ ಮೂರನೇ ಗಾಡಿ" ಎಂದೂ ಸೇರಿಸಿದಳು. ಬದುಕಿದೆ ಎಂದುಕೊಂಡೆನಲ್ಲ, ಅದಕ್ಕೂ ನಾಚಿಕೆಯಾಯಿತು.

ಅವಳು ಹೋದ ಮೇಲೆ ಹೆಂಡತಿ ಕೇಳಿದಳು, "ಏನಂದ್ಲು ರೀ ಲತಾ?"

"ಏನಿಲ್ಲ. ಮೂರನೇ ಗಾಡಿಯವನು ಒಬ್ಬನಿದ್ದಾನಂತೆ. ದಾರಿಯುದ್ದಕ್ಕೂ ಹೊಗೆ, ಮೇಲೆ ಲೆಕ್ಕ ತಿದ್ದು ಅಂತ ಆ ಹುಡುಗೀನ ಬೇರೆ ಕೇಳಿದನಂತೆ."

"ಥೂ! ಅಂತೋರ್ಗೆ ನಾಚ್ಕೆ ಆಗಕಿಲ್ವೇನ್ರಿ?"

"ಆಗುತ್ತೆ ಕಣೆ," ಅಂದೆ. "ತುಂಬಾ ಆಗುತ್ತೆ."