ಕೋಡು ಮೂಡಿದ ಕುದುರೆಗಳು

"ಇವತ್ತಿನಿಂದ ನಾನು ಮತ್ತ ರಣರಂಗಕ್ಕ ಇಳೀತೀನಿ!"

ರಾಯಚೂರಿನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಬನಿಯನ್-ಲುಂಗಿಯಲ್ಲಿ ನಿಂತು ಅಂಬರೀಶ ಈ ಘೋಷಣೆ ಹೊರಡಿಸಿದಾಗ ಅವನ ಹೆಂಡತಿ ವಿಜಯಲಕ್ಷ್ಮಿ ಹೆಸರುಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇಳೀರಿ. ಇಳಿಯೂ ಮುಂದ ಆ ಗ್ಯಾಸ್ ಸಿಲಿಂಡರ್ ಒಂದು ಬದಲಿಸಿ ಇಳೀರಿ."

ರಣರಂಗವೆಂದರೆ ಬೇರೇನಲ್ಲ, ಮನೆಯ ಊಟದ ಮೇಜು. ಹೆಬ್ಬೆರಳಿನ ಗಾತ್ರದ ಸೈನಿಕರನ್ನು ಅದರ ಮೇಲೆ ಎದುರುಬದುರು ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಮುಂದೆ ನಡೆಸಿ, ದಾಳ ಉರುಳಿಸಿ ಯಾರು ಸತ್ತರು ಯಾರು ಉಳಿದರು ಎಂದು ತೀರ್ಮಾನಿಸುವ ಆಟ ಅಂಬರೀಶನ ಪ್ರಾಣ. ಆಡಿದ್ದನ್ನೆಲ್ಲ ಫೋಟೋ ಸಮೇತ 'ಮೇಜಿನ ಮಹಾಯುದ್ಧ' ಎಂಬ ತನ್ನ ಬ್ಲಾಗಿನಲ್ಲಿ ಬರೆಯುತ್ತಿದ್ದ. ಚೌಕಾಬಾರಾ, ಹುಲಿ-ಕುರಿ ಆಟಗಳ ಬಗ್ಗೆಯೂ ಬರೆದದ್ದುಂಟು. ಓದುಗರು ಹೆಚ್ಚಿರಲಿಲ್ಲ, ಇದ್ದವರಿಗೆ ಅವನೆಂದರೆ ಭಯ. ಯಾರಾದರೂ ತಮ್ಮ ಬ್ಲಾಗಿನಲ್ಲಿ ಕುದುರೆಯ ಲಗಾಮಿಗೆ ತಪ್ಪು ಬಣ್ಣ ಬಳಿದರೆ ಸಾಕು, ಅಂಬರೀಶ ಅಲ್ಲಿ ಪ್ರತ್ಯಕ್ಷನಾಗಿ ಎರಡೇ ಶಬ್ದ ಬರೆಯುತ್ತಿದ್ದ: "ಆಧಾರ ಒದಗಿಸಿ."

ನಾಲ್ಕು ವರ್ಷದಿಂದ ಆ ಬ್ಲಾಗು ಬೀಗ ಜಡಿದ ಮನೆಯಂತಿತ್ತು. ಕಾರಣ ಒಂದು ಚಪ್ಪಲಿ.

ಅವನ ಎದುರಾಳಿ ಮಹಮ್ಮದ್ ಹುಸೇನ್. ಮಾನ್ವಿಯ ಬಸ್ ಸ್ಟ್ಯಾಂಡಿನ ಪಕ್ಕ ಬ್ಯಾನರ್ ಮುದ್ರಿಸುವ ಅಂಗಡಿ ಇಟ್ಟವನು. ಮೊದಲ ದಿನ ಚೀಟಿ ಎತ್ತಿದಾಗ ಹುಸೇನನಿಗೆ ವಿಜಯನಗರದ ಪಡೆ ಬಂದಿತ್ತು, ಅಂಬರೀಶನಿಗೆ ಬಿಜಾಪುರದ್ದು. ಅಂದಿನಿಂದ ಇಬ್ಬರೂ ತಮ್ಮ ತಮ್ಮ ಪಡೆ ಬಿಟ್ಟುಕೊಟ್ಟವರಲ್ಲ. ಕಡೆಯ ಆಟದಲ್ಲಿ ಹುಸೇನ ಎಸೆದ ದಾಳ ಮೇಜಿನಿಂದ ಹಾರಿ ಬಾಗಿಲ ಬಳಿಯ ಚಪ್ಪಲಿಯೊಳಗೆ ಬಿತ್ತು.

"ಆರು!" ಎಂದ ಹುಸೇನ.

"ಚಪ್ಪಲ್ಯಾಗ ಬಿದ್ದದ್ದು ಲೆಕ್ಕಕ್ಕಿಲ್ಲ," ಎಂದ ಅಂಬರೀಶ.

"ಆಧಾರ ಒದಗಿಸು!"

ಆಧಾರ ಇರಲಿಲ್ಲ. ಮಾತು ಬೆಳೆಯಿತು. ಹುಸೇನ ಅದೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನದೇ ಚಪ್ಪಲಿ ಅದು.

ಅಂಬರೀಶನ ನೌಕರಿ ಮಾನ್ವಿಯ ಒಂದು ಸರ್ಕಾರಿ ಕಚೇರಿಯಲ್ಲಿ. ದಿನಾ ಬಸ್ ಇಳಿದು ಆ ಅಂಗಡಿಯ ಮುಂದೆಯೇ ನಡೆಯಬೇಕು. ನಡೆಯುವಾಗ ಆಕಾಶ ನೋಡುತ್ತಿದ್ದ. ಮಾನ್ವಿಯ ಆಕಾಶದ ಬಗ್ಗೆ ಅವನಷ್ಟು ತಿಳಿದವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ! ಮನೆಯಲ್ಲಿ ಒಬ್ಬನೇ ಎರಡೂ ಕಡೆ ಆಡಿ ನೋಡಿದ. ಆಗಲೂ ಸೋತ. ಗೆದ್ದವನೂ ತಾನೇ, ಆದರೆ ಆ ಖುಷಿ ಹಂಚಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಬ್ಲಾಗು ಮತ್ತೆ ತೆರೆಯುವುದೆಂದರೆ ಹುಸೇನನ ಬಾಗಿಲು ತಟ್ಟುವುದು ಎಂದು ವಿಜಯಲಕ್ಷ್ಮಿಗೆ ಗೊತ್ತಿತ್ತು. ಅದಕ್ಕೇ ಆಕೆ ಸಿಲಿಂಡರಿನ ಆಚೆಗೆ ಏನನ್ನೂ ಅನ್ನಲಿಲ್ಲ.

"ಈ ಸಲ ವಿದೇಶಿ ಪ್ಲಾಸ್ಟಿಕ್ ಗೊಂಬಿ ಬ್ಯಾಡ. ರಾಯಚೂರು ಕದನ! ನಮ್ಮ ಜಿಲ್ಲಾದ ಮಣ್ಣಿನ್ಯಾಗ! ಸ್ವಂತ ಕೈಲಿ!" ಎಂದ ಅಂಬರೀಶ. "ನಿಮ್ಮವ್ವಗ ಫೋನ್ ಹಚ್ಚು. ಹೊಳಿ ದಂಡಿ ಎರಿಮಣ್ಣು ಬೇಕು. ಅಮಾಸಿ ಮರುದಿನ ರವಿವಾರ, ಅವತ್ತ ಕದನ!"

ಅತ್ತೆ ಗುರುಶಾಂತಮ್ಮ ಇರುವುದು ದೇವದುರ್ಗದ ಆಚೆ, ಕೃಷ್ಣೆಯ ದಂಡೆಯ ಗೂಗಲ್‌ನಲ್ಲಿ.

"ಎದಕ್ಕ ಬೇಕಂತ ಖರೇನ ಹೇಳ್ರಿ ಅವ್ವಗ," ಎಂದಳು ವಿಜಯಲಕ್ಷ್ಮಿ.

"ಛೇ ಛೇ! ಅಳಿಯ ಈ ವಯಸ್ಸಿನ್ಯಾಗ ಗೊಂಬಿ ಆಡಾಕತ್ತಾನ ಅಂತ ಊರ ತುಂಬ ಸುದ್ದಿ ಆಗ್ತದ. ನೀನೂ ಯುದ್ಧದ ಮಾತು ಬಾಯಿ ಬಿಡಬ್ಯಾಡ. ನನ್ನ ಆಣಿ!"

"ಆತು," ಎಂದಳು ಆಕೆ, ಕಾಳಿನ ಮೊರ ಕೊಡವುತ್ತ.

ಫೋನಿನಲ್ಲಿ ಅಂಬರೀಶ ಚುಟುಕಾಗಿ ಹೇಳಿದ: "ಅತ್ತ್ಯಾರ, ಒಂದು ಚೀಲ ಎರಿಮಣ್ಣು ಬೇಕಿತ್ರಿ. ಅಮಾಸಿ ಒಳಗ ಕೈಲಿ ಮಾಡಿ ಮುಗಿಸಬೇಕು."

ಅತ್ತೆಯ ದನಿ ಮೆತ್ತಗಾಯಿತು: "ಯಪ್ಪಾ, ನೀವ ಕೈಲಿ ಮಾಡ್ತೀರಿ?"

"ನಾನ ಮಾಡ್ತೀನ್ರಿ."

"ನಿಮ್ಮ ಮಾವಾರೂ ಇರೂತನ ಕೈಲೇ ಮಾಡ್ತಿದ್ರು ನೋಡ್ರಿ."

ಮಾವ ಎಂದಾದರೂ ಅಶ್ವದಳ ಮಾಡಿದ್ದರೇ ಎಂದು ಅಂಬರೀಶ ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಮಣ್ಣು ದೇವದುರ್ಗದ ಬಸ್ಸಿನಲ್ಲಿ, ಗೊಬ್ಬರದ ಚೀಲದಲ್ಲಿ, ಕಂಡಕ್ಟರನ ಕಾಲಡಿ ಕೂತು ಬಂತು. ಅಂಬರೀಶ ದಿನಾ ಸಂಜೆ ತಟ್ಟಿದ, ತಿದ್ದಿದ, ನೆರಳಿನಲ್ಲಿ ಒಣಗಿಸಿದ. ಕುದುರೆಗಳು, ಅವುಗಳ ಮೇಲೆ ಸವಾರರು, ಆನೆಗಳು, ಫಿರಂಗಿಗಳು, ಒಂದೊಂದು ಪಡೆಗೆ ಒಬ್ಬೊಬ್ಬ ದಳಪತಿ. ಒಂದು ಕಡೆಗೆ ನೀಲಿ, ಇನ್ನೊಂದು ಕಡೆಗೆ ಕೆಂಪು. ಮೀಸೆ ಬರೆಯಲು ಕುಂಚದಲ್ಲಿ ಒಂದೇ ಕೂದಲು ಉಳಿಸಿಕೊಂಡ. ಎಲ್ಲ ಮುಗಿದ ಮೇಲೆ ಬ್ಲಾಗಿನ ಧೂಳು ಕೊಡವಿ ಬರೆದ: "ಅಮಾವಾಸ್ಯೆಯ ಮರುದಿನದ ರಾಯಚೂರು ಕದನಕ್ಕೆ ಹಳೆಯ ಎದುರಾಳಿಗೆ ಬಹಿರಂಗ ಆಹ್ವಾನ. ಚಪ್ಪಲಿಗಳನ್ನು ಹೊರಗೆ ಇಡಿಸಲಾಗುವುದು."

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದು ಸಾಲು ಬಂತು: "ಅಮಾಸಿ ಮರುದಿನ ಬರ್ತೀನಿ. ದಾಳ ನಾನ ತರ್ತೀನಿ."

ಅಂಬರೀಶ ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದ. ಆಮೇಲೆ ಯಾರೂ ಹೇಳದೆಯೇ ಹೋಗಿ ಸಿಲಿಂಡರ್ ಬದಲಿಸಿದ.

ಅಮಾವಾಸ್ಯೆಯ ಬೆಳಿಗ್ಗೆ ಎರಡೂ ಪಡೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, "ಒಂದು ಕುದುರಿ ಒಂದಿಂಚು ಸರೀಬಾರದು!" ಎಂದು ಆಜ್ಞೆ ಮಾಡಿ ಮಾನ್ವಿಗೆ ಹೋದ. ಸಂಜೆ ಬಂದಾಗ ಬಾಗಿಲಲ್ಲೇ ಕಡಬಿನ ವಾಸನೆ, ಊದಿನಕಡ್ಡಿಯ ಹೊಗೆ. ಹೇಳದೆಯೇ ಗೂಗಲ್‌ನಿಂದ ಬಂದಿಳಿದ ಗುರುಶಾಂತಮ್ಮ ಹೊಸ ಇಳಕಲ್ ಸೀರೆಯುಟ್ಟು ಪಡಸಾಲೆಯಲ್ಲಿ ಕೂತಿದ್ದರು.

"ಬರ್ರಿ ಅಳಿಯಾರ. ಹೊತ್ತಾತಲ್ರಿ, ಪೂಜಿ ಮಾಡಿಬಿಟ್ಟೆ."

ಅಂಬರೀಶ ಮೇಜು ನೋಡಿದ. ಅಂದು ಮಣ್ಣೆತ್ತಿನ ಅಮಾವಾಸ್ಯೆ! ಮಣ್ಣಿನಲ್ಲಿ ಜೋಡೆತ್ತು ಮಾಡಿ, ಪೂಜಿಸಿ, ಮರುದಿನ ನೀರಿಗೆ ಬಿಡುವ ದಿನ. ಅವನಿಗೆ ಅದೊಂದು ಕದನದ ಮುನ್ನಾದಿನವಾಗಿಯಷ್ಟೇ ನೆನಪಿತ್ತು.

ಕುದುರೆಗಳಿಗೆಲ್ಲ ಕೋಡು ಬಂದಿದ್ದವು.

"ಪಾಪ, ಕೋಡು ಮಾಡೂದ ಮರ್ತಿದ್ರಿ," ಎಂದರು ಗುರುಶಾಂತಮ್ಮ ಅಕ್ಕರೆಯಿಂದ. "ಚೀಲದಾಗ ಮಣ್ಣು ಉಳದಿತ್ತು, ಹಚ್ಚಿದೆ. ಬೆನ್ನ ಮ್ಯಾಲ ಡುಬ್ಬಾನೂ ಇರಲಿಲ್ಲ. ಡುಬ್ಬದ ಜಾಗಾದಾಗ ಯಾರೋ ಮನಷ್ಯಾರು ಕುಂತಿದ್ರು. ಎತ್ತಿನ ಮ್ಯಾಲ ಯಾರರ ಕುಂದರ್ತಾರೇನ್ರಿ? ಕಿತ್ತಿಟ್ಟು ಡುಬ್ಬಾ ಹಚ್ಚಿದೆ."

"ಆ... ಆನಿ?" ಎಂದ ಅಂಬರೀಶ.

"ಎರಡಕ್ಕ ಮೂಗು ಉದ್ದ ಬಂದಿತ್ತು. ಸರಿ ಮಾಡೀನಿ. ಕೂರಿಗಿ ಮಾತ್ರ ಛಂದ ಮಾಡೀರಿ ನೋಡ್ರಿ!"

ಕೂರಿಗೆ ಎಂದರೆ ಬಿತ್ತನೆಯ ಸಾಧನ. ಮಾಡಿದ್ದು ಫಿರಂಗಿ. ಅದರ ನಳಿಗೆಯ ಬಾಯಿ ತುಂಬ ಜೋಳದ ಕಾಳು. ಎಲ್ಲಕ್ಕೂ ಮಿಗಿಲಾದದ್ದು ಬೇರೆ: ಎತ್ತೆಂದರೆ ಜೋಡಿ ಇರಬೇಕು, ಬಣ್ಣ ಬೇರೆ ಬೇರೆ ಇದ್ದರೆ ನೋಡಲು ಛಂದ ಎಂದು ಒಂದು ನೀಲಿ, ಒಂದು ಕೆಂಪು ಹಿಡಿದು ಎಲ್ಲಕ್ಕೂ ನೊಗ ಹೂಡಿದ್ದರು. ವಿಜಯನಗರ, ಬಿಜಾಪುರ ಎರಡೂ ಹೆಗಲಿಗೆ ಹೆಗಲು ಕೊಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಜೋಳ ತುಂಬಿದ ಮಣ್ಣಿನ ಗ್ವಾದಲಿಯ, ಅಂದರೆ ಮೇವಿನ ತೊಟ್ಟಿಯ, ಕಡೆ ಮುಖ ಮಾಡಿ ಮೇವು ಕಾಯುತ್ತ ನಿಂತಿದ್ದವು. ಗ್ವಾದಲಿಯ ಪಕ್ಕದಲ್ಲಿ ಇಬ್ಬರು ದಳಪತಿಗಳು ಕೂತಿದ್ದರು.

"ಅವ್ರು ಸಂಬಳದ ಆಳು," ಎಂದರು ಗುರುಶಾಂತಮ್ಮ. "ಮೇವು ಹಾಕಾಕ ಬೇಕಲ್ಲ."

ಅಂಬರೀಶ ಅಡುಗೆಮನೆಗೆ ಧಾವಿಸಿದ. "ಹೇಳಬಾರದಿತ್ತೇನ ನಿಮ್ಮವ್ವಗ!"

"ಆಣಿ ಹಾಕಿಸಿದವ್ರು ಯಾರ್ರಿ?" ವಿಜಯಲಕ್ಷ್ಮಿ ಕಡಬು ತಿರುವಿದಳು. "ಯುದ್ಧದ ಮಾತು ಬಾಯಿ ಬಿಡಲಿಲ್ಲ. ನಿಮ್ಮ ಜೀವ ಉಳಿಸೀನಿ."

ಖರೆ ಹೇಳಿಯೇ ಬಿಡುತ್ತೇನೆಂದು ಹೊರಬಂದ. ಗುರುಶಾಂತಮ್ಮ ಬೆರಳ ತುದಿಯಿಂದ ಒಂದು ಎತ್ತಿನ ಬೆನ್ನು ಸವರುತ್ತಿದ್ದರು.

"ನಿಮ್ಮ ಮಾವಾರು ಹೋದ ಮ್ಯಾಲ ಅಂಗಡಿ ಎತ್ತು ತರ್ತಿದ್ವಿ. ಈ ವರ್ಷ ನಮ್ಮ ಹೊಳಿ ಮಣ್ಣು, ನಮ್ಮ ಮನಿಯವರ ಕೈಲಿ ಎತ್ತಾತು. ಊರಾಗ ಎಲ್ಲರಿಗೂ ಹೇಳೀನಿ."

ಅಂಬರೀಶ ಕೂತು, ಕೊಟ್ಟಷ್ಟೂ ಕಡಬು ತಿಂದ.

ಮರುದಿನ ಹುಸೇನ ಬಂದ. ಚಪ್ಪಲಿಯನ್ನು ಹೊರಗೆ ಬಿಟ್ಟ. ಬಿಟ್ಟು, ಬಗ್ಗಿ, ಎರಡನ್ನೂ ಬೋರಲು ಹಾಕಿದ. ಒಳಗೆ ಬಂದು ಮೇಜಿನ ಮೇಲೆ ಬಗ್ಗಿ ಒಂದು ಕೋಡನ್ನು ಮುಟ್ಟಿ ನೋಡಿದ.

"ಲೇ ಅಂಬರೀಶ. ಇವು ಕುದುರೇನು?"

"ಹೂಂ."

"ಕೋಡು?"

ಅಂಬರೀಶ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಎಲ್ಲ ಹೇಳಿದ. ನಾಲ್ಕು ವರ್ಷದ ಮೇಲೆ ಬಂದವನನ್ನು ಗೇಲಿ ಮಾಡಲೆಂದೇ ಕರೆಸಿದಂತಾಯಿತಲ್ಲ ಎಂದು ಅವನಿಗೆ ಭಯ. ಹುಸೇನನ ಭುಜ ನಡುಗತೊಡಗಿತು. ಸಿಟ್ಟೆಂದುಕೊಂಡ ಅಂಬರೀಶ. ಹುಸೇನ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ.

ಅಷ್ಟರಲ್ಲಿ ಗುರುಶಾಂತಮ್ಮ ತಟ್ಟೆ ಹಿಡಿದು ಬಂದರು. "ಇವ್ರು ಯಾರ್ರಿ?"

"ನನ್ನ ಗೆಳೆಯ ರೀ," ಎಂದ ಅಂಬರೀಶ. ಮಾತು ತಾನಾಗಿಯೇ ಹೊರಬಂತು.

"ಎತ್ತು ನೋಡಾಕ ಬಂದ್ರೇನಪ್ಪಾ?"

ಹುಸೇನ ಎದ್ದು ಕಣ್ಣೊರೆಸಿಕೊಂಡ. "ಹೌದು ಯವ್ವಾ. ಮಾನ್ವಿಯಿಂದ ಇದಕ್ಕಂತನ ಬಂದೀನಿ. ಜೋಡಿ ಭಾಳ ಚೊಲೋ ಕೂಡ್ಯಾವ."

ಗುರುಶಾಂತಮ್ಮ ಒಳಗೆ ಹೋದದ್ದೇ ತಡ, ಕದನ ಶುರುವಾಯಿತು. ಸುಲಭವಿರಲಿಲ್ಲ.

"ಲೇ, ನನ್ನ ಕುದುರಿ ಮುಂದ ಹೋದ್ರ ನಿಂದೂ ಕೂಡ ಬರ್ತದಲ್ಲೋ!"

"ಬರ್ಲಿ. ನಿಂದು ಸತ್ರ ನಂದ ಅದರ ಹೆಣ ಎಳಕೊಂಡು ತಿರುಗಬೇಕಲ್ಲ, ಅದನ್ನ ಹೇಳು."

ಹುಸೇನ ದಾಳ ಎಸೆದ. ಅದು ಒಂದು ಕೋಡಿಗೆ ತಾಗಿ, ಪುಟಿದು, ಗ್ವಾದಲಿಯ ಜೋಳದೊಳಗೆ ಅರ್ಧ ಹೂತು ನಿಂತಿತು.

"ಆರು!"

"ಸೊಟ್ಟ ಬಿದ್ದದ! ಲೆಕ್ಕಕ್ಕಿಲ್ಲ!"

"ಆಧಾರ ಒದಗಿಸು!"

ನಾಲ್ಕು ವರ್ಷದ ಹಿಂದಿನದೇ ಮಾತು. ಅಡುಗೆಮನೆಯಲ್ಲಿ ವಿಜಯಲಕ್ಷ್ಮಿಯ ಲಟ್ಟಣಿಗೆ ನಿಂತಿತು. ಹುಸೇನನ ಕಣ್ಣು ಬಾಗಿಲ ಕಡೆ ಹೋಯಿತು. ಆಗ ಗುರುಶಾಂತಮ್ಮ ಬಂದರು, ಬಗ್ಗಿ ನೋಡಿದರು, ದಾಳವನ್ನು ಎತ್ತಿ ಸೆರಗಿನಲ್ಲಿ ಒರೆಸಿ ಎಲೆಅಡಿಕೆಯ ಸಂಚಿಗೆ ಹಾಕಿಕೊಂಡರು.

"ತಿಳದವ್ರು ಇದ್ದೀರಿ ಇಬ್ರೂ. ಎತ್ತಿನ ಮೇವಿನ್ಯಾಗ ಕಲ್ಲು-ಹಳ್ಳು ಹಾಕ್ತಾರೇನು? ನುಂಗಿದ್ರ ಏನ ಮಾಡ್ಬೇಕ್ರಿ? ಏಳ್ರಿ, ನೀರಿಗೆ ಬಿಡೂ ಹೊತ್ತಾತು. ನಂದು ದೇವದುರ್ಗದ ಬಸ್ ಹೋಗ್ತದ."

ರಾಯಚೂರು ಕದನ ಅಲ್ಲಿಗೆ ಮುಗಿಯಿತು!

ಎತ್ತುಗಳನ್ನಿಟ್ಟ ಹಲಗೆಯ ಒಂದು ತುದಿ ಅಂಬರೀಶ, ಇನ್ನೊಂದು ತುದಿ ಹುಸೇನ ಹಿಡಿದರು. ಒಬ್ಬನ ಹೆಜ್ಜೆ ತಪ್ಪಿದರೆ ಇನ್ನೊಬ್ಬನ ಕಡೆ ವಾಲುತ್ತಿತ್ತು. ಕೆರೆಯ ಮೆಟ್ಟಿಲಲ್ಲಿ ಕೂತು ಒಂದೊಂದೇ ಜೋಡಿಯನ್ನು ನೀರಿಗೆ ಬಿಟ್ಟರು. ಮೊದಲು ಹಸಿಮಣ್ಣಿನ ಕೋಡು ಕರಗಿದವು, ಆಮೇಲೆ ಡುಬ್ಬ. ಒಂದು ಕ್ಷಣ ಅವು ಮತ್ತೆ ಕುದುರೆಗಳಾದವು. ನೀಲಿ, ಕೆಂಪು ಒಂದರೊಳಗೊಂದು ಕಲೆತು, ಹೊಳೆಯ ಮಣ್ಣು ಕೆರೆಯ ಮಣ್ಣಾಯಿತು. ಗುರುಶಾಂತಮ್ಮ ಕೈಮುಗಿದು, ತುಟಿಯಲ್ಲೇ ಏನೋ ಅಂದುಕೊಂಡು, ಬಸ್ಸಿಗೆ ನಡೆದರು.

"ಮಣ್ಣು ಮತ್ತ ತರಿಸು," ಎಂದ ಹುಸೇನ, ಕೈ ತೊಳೆಯುತ್ತ. "ಈ ಸಲ ಸುಡೋಣು."

ಸಂಜೆ ಅಂಬರೀಶ ಬ್ಲಾಗಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದ. ಕೋಡಿನ ಕುದುರೆಗಳ ಫೋಟೋ ಹಾಕಿದ. ಕೆಳಗೆ ಫಲಿತಾಂಶ: "ಅತ್ತೆಗೆ ಜಯ. ದಾಳ ವಶ."

ಚಹಾ ಆರುವ ಮೊದಲೇ ಮೊದಲ ಪ್ರತಿಕ್ರಿಯೆ ಬಂತು. ಮಾನ್ವಿ ಬಸ್ಸಿನಲ್ಲಿ ಕೂತ ಹುಸೇನನದು: "ಕುದುರೆಗೆ ಕೋಡು? ಆಧಾರ ಒದಗಿಸಿ."

ಅಂಬರೀಶ ತಲೆ ಕೆರೆದುಕೊಂಡು ಹೆಂಡತಿಯ ಕಡೆ ತಿರುಗಿದ. "ಏನ ಬರೀಲೇ ಇದಕ್ಕ?"

"ನಮ್ಮವ್ವನ ನಂಬರ್ ಕೊಡ್ರಿ," ಎಂದಳು ವಿಜಯಲಕ್ಷ್ಮಿ. "ಆಧಾರಾನೂ ಅಕಿ ಹತ್ರನ ಅದ, ದಾಳಾನೂ ಅಕಿ ಹತ್ರನ ಅದ."