ಕಾಕು ಜೋಡಿಸಿಟ್ಟ ಮೂರು ಸಾವಿರ ವರ್ಷ

ನಮ್ಮ ಕಾಕು ಕೂತದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ನಾನಂತೂ ಕಂಡಿರಲಿಲ್ಲ! ಕಾಕು ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ, ಧಾರವಾಡದವರು. ಎಪ್ಪತ್ತರ ದಶಕದಲ್ಲಿ ನಾವೆಲ್ಲ ಅಮೆರಿಕದಲ್ಲಿ, ನ್ಯೂಯಾರ್ಕಿನ ಹತ್ತಿರದ ಮೆಟುಚೆನ್ನಿನಲ್ಲಿ ಒಂದೇ ಮನೆಯಲ್ಲಿದ್ದೆವು. ಅವರು ನಿಂತೇ ಊಟ ಮಾಡುತ್ತಿದ್ದರು, ವಾಷಿಂಗ್ ಮಷೀನಿನ ಮೇಲೆ ಕಾಗದವಿಟ್ಟು ನಿಂತೇ ಊರಿಗೆ ಪತ್ರ ಬರೆಯುತ್ತಿದ್ದರು. ಪರಿಚಿತರ ಮನೆಗೆ ಹೋದರೆ ಹತ್ತು ನಿಮಿಷದಲ್ಲಿ ಅವರ ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ಸಾಲುಗಟ್ಟುತ್ತಿದ್ದವು. ಮರುದಿನ ಆ ಮನೆಯಾಕೆ ಉಪ್ಪು ಎಲ್ಲಿದೆ ಎಂದು ಕೇಳಲು ನಮಗೆ ಫೋನ್ ಮಾಡಬೇಕು! ಐದಕ್ಕೆ ಎದ್ದು, ಆರಕ್ಕೆ ಬೂಟು ಪಾಲಿಶ್ ಮಾಡಿ, ಏಳಕ್ಕೆ ಕಾರು ಹೊರಡಿಸುವ ನನಗೇ ಅವರ ಅಚ್ಚುಕಟ್ಟು ಅತಿಯೆನಿಸುತ್ತಿತ್ತು ಎಂದರೆ ನೀವೇ ಊಹಿಸಿಕೊಳ್ಳಿ.

ನಮ್ಮ ಪಕ್ಕದ ಮನೆಯವನು ಡಾಕ್ಯುಮೆಂಟರಿ ಚಿತ್ರಗಳ ಡೈರೆಕ್ಟರ್. ಬೈಬಲ್ಲಿನ ಊರುಗಳಲ್ಲಿ ನಡೆಯುತ್ತಿದ್ದ ಉತ್ಖನನಗಳ ಬಗ್ಗೆ ಚಿತ್ರ ತೆಗೆಯಲು ಹೊರಟಿದ್ದ. ಒಂದು ದಿನ ಅವನು ಬೇಲಿಯಾಚೆ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದುತ್ತಿದ್ದಾಗ, ಈಚೆ ಬಟ್ಟೆ ಒಣಹಾಕುತ್ತಿದ್ದ ಕಾಕು ಅವನನ್ನು ತಡೆದರು.

"ಏ ತಮ್ಮಾ, ಗೋಡಿ ಬೀಳಲಿಕ್ಕ ಯೆರಿಕೋ ಪಟ್ಟಣಕ್ಕ ಹಾಕಿದ್ದು ಏಳ ಸುತ್ತಲ್ಲ, ಹದಿಮೂರು. ಆರು ದಿನ ಒಂದೊಂದು, ಏಳನೇ ದಿನ ಏಳು. ಕೂಡಿಸಿ ನೋಡು!"

ನಾನು ಅನುವಾದಿಸಿದೆ. ಅವನು ಬೆರಗಾಗಿ, "ಇವರು ಪಾದ್ರಿಯ ಮಗಳೇ?" ಎಂದ.

"ಅಲ್ಲ, ಪುರೋಹಿತರ ಮಗಳು. ಮಿಶನ್ ಶಾಲೆಯಲ್ಲಿ ಓದಿದವರು."

ಕಾಕು ಸಲಹೆಗಾರರಾದರು. ಯಾವ ರೀಲಿನಲ್ಲಿ ಯಾವ ಶಾಟ್ ಇದೆ ಎಂದು ಪಟ್ಟಿ ಬರೆಯಲು ನಾನು. ಮೂರು ವಾರ ರಜೆ ಹಾಕಿದೆ: ಎರಡು ವಾರ ಪ್ರಯಾಣಕ್ಕೆ, ಒಂದು ವಾರ ತಿರುಗಿ ಬಂದು ರೀಲುಗಳನ್ನು ಹೊಂದಿಸುವುದಕ್ಕೆ.

ಯೆರಿಕೋದಲ್ಲಿ ಕ್ಯಾಮೆರಾಮನ್ ಹಳೆಯ ಗೋಡೆಗೆ ಕ್ಯಾಮೆರಾ ಹೂಡಿದ. ಚೌಕಟ್ಟಿನ ಎಡದಿಂದ ಹಸಿರು ಇಳಕಲ್ ಸೀರೆಯೊಂದು ಬಂದು ಬಲಕ್ಕೆ ಹೋಯಿತು. ಮತ್ತೆ ಹೂಡಿದ. ಮತ್ತೆ ಸೀರೆ! ಕಾಕು ಗೋಡೆಯಿರುವ ದಿಬ್ಬಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು. "ಇನ್ನೆಷ್ಟು?" ಎಂದು ಅವನು ಕೂಗಿದ. "ಒಂಬತ್ತು!" ಎಂದು ಉತ್ತರ ಬಂತು. ಅಂದು ಗೋಡೆ ಬೀಳಲಿಲ್ಲ, ಕ್ಯಾಮೆರಾಮನ್ ಮಾತ್ರ ಕುಸಿದು ಕೂತ.

ಅಲ್ಲಿಂದ ಉತ್ಖನನ ನಡೆಯುತ್ತಿದ್ದ ಗಲಿಲಾಯದ ಒಂದು ದಿಬ್ಬಕ್ಕೆ ಹೋದೆವು. ಫೋಟೋ ತೆಗೆಯುವ ಮುನ್ನ ಅಗೆದ ಗುಂಡಿಯನ್ನು ಗುಡಿಸುವುದು ಅಲ್ಲಿಯ ಪದ್ಧತಿ. ಕಾಕು ಪೊರಕೆ ಕಸಿದುಕೊಂಡು ಗುಡಿಸಿದರು ನೋಡಿ, ಅಲ್ಲಿಯ ಮುಖ್ಯಸ್ಥನೇ ಟೋಪಿ ತೆಗೆದ! ಆ ಹೊಗಳಿಕೆಯೇ ಅನರ್ಥಕ್ಕೆ ಕಾರಣವಾಯಿತು.

ಅಮೆರಿಕದ ವಿದ್ಯಾರ್ಥಿನಿಯೊಬ್ಬಳು ತಾನು ಅಗೆದ ಮಡಕೆಯ ಚೂರುಗಳನ್ನು ತೊಳೆದು, ಚಾಪೆಯ ಮೇಲೆ ಸಣ್ಣ ಸಣ್ಣ ಗುಡ್ಡೆ ಮಾಡಿ ಒಣಗಲು ಬಿಟ್ಟಿದ್ದಳು. ಒಂದೊಂದು ಗುಡ್ಡೆಗೆ ಒಂದೊಂದು ನಂಬರಿನ ಚೀಟಿ. ಬೆಳಿಗ್ಗೆ ನಾವು ಅವನ್ನು ಒಂದೊಂದಾಗಿ ಚಿತ್ರಿಸಿಕೊಂಡಿದ್ದೆವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಕೂರಲಾಗದ ಕಾಕು ಚಾಪೆಯ ಬಳಿ ಹೋದರು. ನಾವು ಬಂದು ನೋಡುವಾಗ ಕಂಠದ ಚೂರುಗಳೆಲ್ಲ ಒಂದೆಡೆ, ತಳದವು ಒಂದೆಡೆ, ಹಿಡಿಕೆಗಳು ಬಣ್ಣದ ಪ್ರಕಾರ ಸಾಲಾಗಿ! ಚೀಟಿಗಳು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಡಬ್ಬಿಯಲ್ಲಿ ಭದ್ರ.

ಹುಡುಗಿ ಕಿರುಚಲಿಲ್ಲ. ಮಣ್ಣಿನಲ್ಲೇ ಕೂತುಬಿಟ್ಟಳು. "ಯಾವ ಚೂರು ಯಾವ ಪದರದಿಂದ ಬಂತು ಅನ್ನೋದೇ ನನ್ನ ಪ್ರಬಂಧ. ಈಗ ಇವು ಬರೀ ಹೆಂಚಿನ ತುಂಡು. ನನ್ನ ಡಿಗ್ರಿ ಮುಗೀತು" ಎಂದಳು.

"ಕಾಕೂ, ಏನ್ ಮಾಡಿದ್ರಿ ಇದು!"

"ನೆಟ್ಟಗ ಇಟ್ಟೀನಲ್ಲೋ..." ಎಂದ ಕಾಕು ಅವಳ ಮುಖ ನೋಡಿದರು. ಡಬ್ಬಿಯಿಂದ ಚೀಟಿಗಳನ್ನು ತೆಗೆದು, ಯಾವುದು ಎಲ್ಲಿತ್ತೆಂದು ತಿಳಿಯದೆ ಮತ್ತೆ ಒಳಗಿಟ್ಟರು. ತಿರುಗಿ ಬರುವಾಗ ವಿಮಾನದಲ್ಲಿ ಹನ್ನೊಂದು ಗಂಟೆ ನಡುಹಾದಿಯಲ್ಲಿ ಅತ್ತಿಂದಿತ್ತ ನಡೆದರು. ನ್ಯೂಯಾರ್ಕ್ ಸಮೀಪಿಸಿದಾಗ ನನ್ನ ಭುಜ ಹಿಡಿದು ಅಲ್ಲಾಡಿಸಿದರು: "ಬೆಳಿಗ್ಗೆ ಪಿಚ್ಚರ್ ತಗದೀರಲ್ಲ? ಅದರಾಗ ಎಲ್ಲಾ ಗುಡ್ಡಿ ಚೀಟಿ ಸಮೇತ ಇರ್ತಾವಲ್ಲ?"

ಇದ್ದವು! ರೀಲುಗಳು ಲ್ಯಾಬಿನಿಂದ ತೊಳೆದು ಬರಲು ನಾಲ್ಕು ದಿನ ಹಿಡಿಯಿತು. ಆಮೇಲೆ ಮ್ಯಾನ್‌ಹಟನ್ನಿನ ಎಡಿಟಿಂಗ್ ಕೋಣೆಯಲ್ಲಿ ನಾನು ಒಂದೊಂದೇ ಚೌಕಟ್ಟನ್ನು ನಿಲ್ಲಿಸುವುದು, ಕಾಕು ಪ್ರತಿ ಚೂರಿನ ಚಿತ್ರ ಬರೆದು ಕೆಳಗೆ ನಂಬರು ಹಾಕುವುದು. ಅಂಚೆಯಲ್ಲಿ ಹೋದ ಆ ಹಾಳೆಗಳನ್ನು ನೋಡಿಕೊಂಡು ಆ ಹುಡುಗಿ ಗಲಿಲಾಯದಲ್ಲಿ ಚೂರುಗಳನ್ನು ಹೊಂದಿಸಿಕೊಳ್ಳಬೇಕು. ಕಾಕು ಕೂತರು! ಸ್ಟೂಲಿನ ಮೇಲೆ, ಒಂಬತ್ತರಿಂದ ಐದರವರೆಗೆ, ಮೂರು ದಿನ. ಡೈರೆಕ್ಟರ್ ಬಂದು ತನ್ನ ಚಿತ್ರ ತಡವಾಗುತ್ತಿದೆ ಎಂದು ಗೊಣಗಿದ.

"ಮೂರು ಸಾವಿರ ವರ್ಷ ತಡದದ, ಇನ್ನ ಮೂರು ದಿನ ತಡಿಯಂಗಿಲ್ಲೇನು?" ಎಂದರು ಕಾಕು, ತಲೆ ಎತ್ತದೆ.

ಮೂರನೆಯ ದಿನ ಸಂಜೆ ಮೆಟುಚೆನ್ ರೈಲಿನಲ್ಲಿ ನಾನು ಖಡಾಖಂಡಿತವಾಗಿ ಹೇಳಿದೆ: "ಕಾಕು, ನಾಳೆ ನಾ ಬರೂದಾಗೂದಿಲ್ಲ. ರಜಾ ಮುಗೀತು. ಏಳು ಗುಡ್ಡಿ ಅಷ್ಟ ಉಳದಾವ. ಬಿಟ್ರ ಏನಾತು?"

ಕಾಕು ಕಿಟಕಿಯ ಹೊರಗೆ ನೋಡುತ್ತಿದ್ದರು.

"ನನಗ ಮ್ಯಾಟ್ರಿಕ್ ಪರೀಕ್ಷಾಕ್ಕ ಹತ್ತು ದಿನ ಇತ್ತು, ಲಗ್ನ ಗೊತ್ತಾತು. ಬೀಗರು ಬರ್ತಾರಂತ ನಮ್ಮವ್ವ ಮನಿ ಸ್ವಚ್ಛ ಮಾಡಿ, ನನ್ನ ವಹಿ, ಪುಸ್ತಕ ಎಲ್ಲಾ ನೀರೊಲಿಗೆ ಹಾಕಿದ್ಲು. ನನ್ನ ಮ್ಯಾಲೆ ಆಕಿಗೇನ ಸಿಟ್ಟಿರಲಿಲ್ಲಪಾ. ಮನಿ ನೆಟ್ಟಗ ಕಾಣ್ಲಿ ಅಂತ, ಅಷ್ಟ."



ಮರುದಿನ ಬೆಳಿಗ್ಗೆ ಬ್ರಿಡ್ಜ್‌ವಾಟರಿನ ನನ್ನ ಆಫೀಸಿಗೆ ಫೋನ್ ಮಾಡಿ, ಜ್ವರ ಬಂದಿದೆ ಎಂದೆ. ನೌಕರಿಗೆ ಸೇರಿದ ಮೇಲೆ ನಾನು ಅಲ್ಲಿ ಹೇಳಿದ ಮೊದಲ ಸುಳ್ಳು ಅದು. ಫೋನಿಟ್ಟು ತಿರುಗಿದರೆ, ಕಾಕು ಬಾಗಿಲಲ್ಲಿ ಪೆನ್ಸಿಲ್ ಚೂಪು ಮಾಡುತ್ತ ನಿಂತಿದ್ದಾರೆ. ಕಣ್ಣು ಒದ್ದೆಯಾಗಿತ್ತು.

"ಒಂದೀಟು ಕೆಮ್ಮಬೇಕಿತ್ತು ನೀ," ಎಂದರು.