ಮೈದಾನದ ಕೀಲಿ ನನ್ನ ಬಳಿ ಇದ್ದಾಗ

ಚೆನ್ನಾಗಿ ನಡೆಯುತ್ತಿರುವುದನ್ನು ಕಂಡರೆ ಅದಕ್ಕೊಂದು ಅರ್ಜಿ ಬರೆಯಬೇಕೆನ್ನುವ ಚಟ ನನಗುಂಟು. ಇವರ ಕಣ್ಣಿಗೆ ಬಿದ್ದದ್ದು ಸರ್ಕಾರದ ಪಾಲಾಯಿತೆಂದೇ ತಿಳಿಯಬೇಕು ಎಂದು ನನ್ನ ಹೆಂಡತಿ ನೆರೆಹೊರೆಯವರಿಗೆಲ್ಲ ಹೇಳಿಟ್ಟಿದ್ದಾಳೆ. ತಹಸೀಲು ಕಚೇರಿಯ ಗುಮಾಸ್ತನ ಹೆಂಡತಿ ಇನ್ನೇನು ಹೇಳಿಯಾಳು!

ಭಾಲ್ಕಿ ಸ್ಟೇಶನ್ನಿನ ಆಚೆಗಿದ್ದ ಬಯಲಿನಲ್ಲಿ ಹನ್ನೊಂದು ಮಂದಿ ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಅವರ ಕಪ್ತಾನ ಪಕ್ಕದ ಹಳ್ಳಿ ಮೆಹಕರದ ವಿಠೋಬ. ಮನೆಯಲ್ಲಿ ಕುರಿ, ನಮ್ಮ ಕಚೇರಿಯಲ್ಲಿ ದಿನಗೂಲಿ ಜವಾನಗಿರಿ. ಕಾಯಂ ಆಗುವ ಹುಕುಂ ಇಂದು ನಾಳೆ ಎನ್ನುತ್ತಿತ್ತು. ಗೋಲಿಗೆ ಎರಡು ಕಲ್ಲು, ನಡುವೆ ಮೇಯುವ ಆಡುಗಳು. ಚೆಂಡು ಬಂದರೆ ಆಡುಗಳೇ ತಿಳಿದು ಸರಿಯುತ್ತಿದ್ದವು. ನನಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಗೋಲಿನ ಕಂಬ, ತಂತಿಬೇಲಿ, ನೆಲ ಸಮ ಮಾಡಿಸುವುದು, ಎಲ್ಲಕ್ಕೂ ಅನುದಾನ ಕೇಳಿ, ಆಗ ನಮ್ಮ ರಾಜಧಾನಿಯಾಗಿದ್ದ ಹೈದರಾಬಾದಿಗೆ ಉರ್ದುವಿನಲ್ಲಿ ಅರ್ಜಿ ಗುಜರಾಯಿಸಿದೆ. ದೇವರಾಣೆಗೂ ಮಂಜೂರಾಗುತ್ತದೆ ಎಂದುಕೊಂಡಿರಲಿಲ್ಲ. ಆಯಿತು.

ಬೇಲಿ ಎದ್ದು ನಿಂತಿತು, ಬಾಗಿಲಿಗೆ ಬೀಗ ಬಿತ್ತು. ಅಷ್ಟರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ನಮ್ಮ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದಿನವರು ಮೈದಾನ ಇನ್ನು ನಮ್ಮದಲ್ಲ ಎಂದರು. ಬೆಂಗಳೂರಿನವರು ಅದು ನಮ್ಮದಾಗಿದೆಯೇ ಎಂದು ಪರಿಶೀಲಿಸುತ್ತೇವೆ, ಅಲ್ಲಿಯವರೆಗೆ ಯಾರೂ ಒಳಗೆ ಹೋಗಕೂಡದು ಎಂದರು. ಕೀಲಿ ನನ್ನ ಸುಪರ್ದಿಗೆ ಬಂತು. ಇನ್ನು ಬರೆಯುವುದೆಲ್ಲ ಕನ್ನಡದಲ್ಲೇ ಆಗಬೇಕಿತ್ತು. ತಲೆ ನರೆತ ಮೇಲೆ ನಾನು ಮಗಳ ಪಕ್ಕದಲ್ಲಿ ಕೂತು ಕಾಗುಣಿತ ತಿದ್ದಿದೆ.

ಒಂದು ದಿನ ವಿಠೋಬ ನನ್ನ ಮೇಜಿನ ಹತ್ತಿರ ಬಂದು ನಿಂತ. "ಸಾಹೇಬ್ರ, ಮೊದಲ ಮೈದಾನ ಇರ್ಲಿಲ್ಲರಿ, ಆಡ್ತಿದ್ದಿವಿ. ಈಗ ಮೈದಾನ ಬಂದದ, ಎಲ್ಲಿ ಆಡ್ಬೇಕ್ರಿ?" ಎಂದ. ಹುಕುಂ ಬರಲಿ ಎಂದೆ. ಬೇರೆ ಏನನ್ನಾದರೂ ಹೇಳುವ ಅಭ್ಯಾಸವೇ ನನಗಿರಲಿಲ್ಲ.

ಒಂದು ಸಂಜೆ ವಿಠೋಬ ಮತ್ತು ಅವನ ತಂಡದವರು ತಂತಿ ದಾಟಿ ಒಳಗೆ ಹೋಗಿ ಆಡಿದರು. ಬೇಲಿಯ ಎರಡು ಕಂಬ ಬಾಗಿದವು. ಜವಾಬ್ದಾರಿ ಯಾರದು ಎಂದು ತಹಸೀಲ್ದಾರರು ಕೇಳಿದರು. ಕೀಲಿ ನನ್ನದು, ಆದ್ದರಿಂದ ನನ್ನ ಹೆಸರು. ಇಲ್ಲವೇ ಬೇರೊಬ್ಬರ ಹೆಸರು. ಅತ್ತ ದರಿ ಇತ್ತ ಪುಲಿ ಎಂದು ನಾನು ಬಹಳ ಹೊತ್ತೇನೂ ಒದ್ದಾಡಲಿಲ್ಲ. ವಿಠೋಬನ ಹೆಸರು ಬರೆದೆ. ಯಾರೂ ತಿದ್ದದೆ ಮೇಲಕ್ಕೆ ಹೋದ ನನ್ನ ಮೊದಲ ಕನ್ನಡ ವರದಿ ಅದು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂದು ನನಗೆ ಹೆಮ್ಮೆಯಾಗಿತ್ತು. ವಿಠೋಬನ ಕಾಯಂ ಹುಕುಂ ಬರಲೇ ಇಲ್ಲ, ದಿನಗೂಲಿಯೂ ಹೋಯಿತು. ಅವನು ಕುರಿಗಳ ಹಿಂದೆ ಹೋದ. ಉಳಿದವರು ಹೊಟ್ಟೆಪಾಡು ಹುಡುಕಿಕೊಂಡು ದಿಕ್ಕಿಗೊಬ್ಬರಾದರು.

ಎರಡು ಮಳೆಗಾಲ ಕಳೆದ ಮೇಲೆ ಬೆಂಗಳೂರಿನಿಂದ ಒಪ್ಪಿಗೆ ಬಂತು. ಉದ್ಘಾಟನೆಗೆ ಆಡಲು ಭಾಲ್ಕಿಯವರೇ ಇರಲಿಲ್ಲ. ಬೀದರ್‌ನಿಂದ ಎರಡು ತಂಡ ಕರೆಸಿದರು. ಅರ್ಜಿ ಬರೆದ ಮಹನೀಯರೆಂದು ನನಗೆ ಹಾರ ಹಾಕಿ, ಮೊದಲ ಒದೆ ನೀವೇ ಒದೆಯಬೇಕು ಎಂದರು. ಜನ್ಮದಲ್ಲಿ ಚೆಂಡು ಮುಟ್ಟಿದವನಲ್ಲ ನಾನು. ಜೋರಾಗಿ ಕಾಲು ಬೀಸಿದೆ. ಚೆಂಡು ಇದ್ದಲ್ಲೇ ಇತ್ತು, ಚಪ್ಪಲಿ ಹಾರಿ ಬೇಲಿಯ ಆಚೆ ಬಿತ್ತು. ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಕುಂಟುತ್ತಾ ಬೇಲಿಯವರೆಗೆ ಹೋದೆ. ಚಪ್ಪಲಿಯನ್ನು ಧೂಳು ಕೊಡವಿ ತಂತಿಯ ಮೇಲಿಂದ ನೀಡಿದವನು ವಿಠೋಬ. ಹೆಗಲ ಮೇಲೆ ಕಂಬಳಿ, ಹಿಂದೆ ಕುರಿಗಳು. ಇಂದು ಬಾಗಿಲು ತೆರೆದಿದೆ, ಒಳಗೆ ಬಾ ಎಂದೆ.

"ಬ್ಯಾಡ್ರಿ ಸಾಹೇಬ್ರ," ಎಂದ ಮೆಲ್ಲಗೆ. "ಒಂದ್ ಸಲ ಬಂದಿದ್ದೆ, ನೀವು ನನ್ನ ಹೆಸ್ರು ಬರದು ಕೊಟ್ರಿ."

ಮರುದಿನ ಸಮಾರಂಭದ ವರದಿಯನ್ನೂ ನಾನೇ ಬರೆದೆ. ಕುರಿಗಾಹಿಗಳು ಮುಂತಾದವರು ಶಿಸ್ತಿನಿಂದ ಬೇಲಿಯ ಹೊರಗೇ ನಿಂತು ಆಟ ನೋಡಿದರು ಎಂಬ ಸಾಲು ಅದರಲ್ಲಿದೆ. ಮಗಳು ಓದಿ ನೋಡಿ, ಒಂದೂ ತಪ್ಪಿಲ್ಲ ಎಂದಳು.